ಬಾಳೆಗೊನೆ ಇಲ್ಲದ ಕತ್ತಲೆ

ಬೀಜ ಮೊಳೆಯುವುದನ್ನು ಕಾಯುವುದನ್ನೇ ಉದ್ಯೋಗ ಮಾಡಿಕೊಂಡು ನಾನು ಪಿಂಚಣಿಯವರೆಗೆ ಬಂದವಳು. ಇದನ್ನು ಕೇಳಿದವರು ನನ್ನನ್ನು ತಾಳ್ಮೆಯ ಮೂರ್ತಿ ಎಂದು ತಿಳಿದು, ತಮ್ಮ ಮನೆಯ ತಂಟೆಕೋರ ಮಕ್ಕಳನ್ನು ರಜೆಯಲ್ಲಿ ನನ್ನ ಬಳಿ ಬಿಟ್ಟುಹೋಗುವ ಆಲೋಚನೆ ಮಾಡುತ್ತಾರೆ. ಸತ್ಯ ಹಾಗಿಲ್ಲ. ಒಲೆಯ ಮೇಲೆ ಹಾಲಿಟ್ಟು ಉಕ್ಕುವುದನ್ನು ಕಾಯುತ್ತ ನಿಂತವಳ ಚಡಪಡಿಕೆ ಇದೆಯಲ್ಲ, ಅದನ್ನು ವಾರಗಟ್ಟಲೆ ಹಿಗ್ಗಿಸಿದರೆ ನಮ್ಮ ಸಸ್ಯ ಜೀವರಸಾಯನಶಾಸ್ತ್ರವಾಗುತ್ತದೆ. ಈ ಶಾಸ್ತ್ರದವರಿಗೆ ಕೂರಲು ಬರುವುದಿಲ್ಲ. ನನ್ನ ಕುರ್ಚಿಗಳೆಲ್ಲ ಹೊಸದಾಗಿಯೇ ಉಳಿದಿವೆ. ಚಪ್ಪಲಿಗಳ ವಿಷಯ ಹಾಗೆ ಹೇಳುವಂತಿಲ್ಲ.

ನಿವೃತ್ತಿಯಾಗಿ ಸಿರ್ಸಿಗೆ ಬಂದು ನಿಂತಾಗ ನನ್ನ ಕೈಯಲ್ಲಿ ಒಬ್ಬಳೇ ಸಂಶೋಧನಾ ವಿದ್ಯಾರ್ಥಿನಿ ಉಳಿದಿದ್ದಳು, ಹಾವೇರಿ ಕಡೆಯ ಹುಡುಗಿ. ಅವಳು ಹಿಡಿದುಕೊಂಡಿದ್ದು ಉಪ್ಪಾಗೆಯ ಬೀಜ. ಹುಳಿ ಸಿಪ್ಪೆಗಾಗಿ ಜನ ಕಾಡಿನಿಂದ ಆರಿಸಿ ತರುವ ಹಣ್ಣು ಅದು. ಸಿಪ್ಪೆ ಒಣಗಿಸಿ ಮಾರುತ್ತಾರೆ, ಬೀಜ ಎಸೆಯುತ್ತಾರೆ. ಬೀಜಕ್ಕೂ ಅವಸರವಿಲ್ಲ. ಮಳೆಗಾಲದಲ್ಲಿ ನೆಲಕ್ಕೆ ಬಿದ್ದು, ಮೊಳೆಯಲು ಬೇಕಾದದ್ದೆಲ್ಲ ಕಾಲ ಬುಡದಲ್ಲೇ ಇದ್ದರೂ ತಿಂಗಳುಗಟ್ಟಲೆ ಮಲಗಿಯೇ ಇರುತ್ತದೆ. ಗಿಡಗಳಿಗೂ ಹಾರ್ಮೋನುಗಳಿವೆ, ಬೀಜವನ್ನು ಮಲಗಿಸುವುದೊಂದು, ಎಬ್ಬಿಸುವುದೊಂದು, ಇವೆರಡರ ಜಗ್ಗಾಟದಲ್ಲಿ ಯಾರು ಗೆದ್ದರೆಂಬುದರ ಮೇಲೆ ಮೊಳಕೆ. ಉಪ್ಪಾಗೆಯನ್ನು ಮಲಗಿಸುವ ವಸ್ತು ಬೀಜದ ಹೊರಸಿಪ್ಪೆಯಲ್ಲೇ ಕೂತಿದೆ ಎಂಬುದು ನನ್ನ ಹುಡುಗಿಯ ವಾದ. ಕಾನಸೂರಿನ ಕಾಡಿನಿಂದ ತಂದ ಬೀಜಗಳ ಸಿಪ್ಪೆ ಸುಲಿದು, ಅರೆದು, ಸೋಸಿ, ಬತ್ತಿಸಿ, ಕೊನೆಗೆ ಒಂದು ಸಣ್ಣ ಬಾಟಲಿಯಷ್ಟು ಕಂದು ರಸ ಮಾಡಿಟ್ಟಿದ್ದಳು.

ಅದನ್ನು ಪರೀಕ್ಷಿಸುವ ಕ್ರಮ ಸುಲಭ. ಹೆಸರುಕಾಳಿಗೆ ನಿದ್ದೆ ಗೊತ್ತಿಲ್ಲ. ನೀರು ಕಂಡರೆ ಸಾಕು, ಎದ್ದು ಕೂರುತ್ತದೆ. ಗಾಜಿನ ಲೋಟಗಳಲ್ಲಿ ಒದ್ದೆ ಹತ್ತಿ ಹಾಕಿ, ಒಂದು ಸಾಲಿನ ಕಾಳಿಗೆ ಬರೀ ನೀರು, ಇನ್ನೊಂದು ಸಾಲಿನ ಕಾಳಿಗೆ ನೀರಿನ ಜೊತೆ ಈ ರಸ. ಎರಡನ್ನೂ ಕತ್ತಲೆಯಲ್ಲಿಡುವುದು. ನೀರಿನ ಸಾಲು ಉದ್ದ ಬೆಳೆದು ರಸದ ಸಾಲು ಗಿಡ್ಡ ಉಳಿದರೆ ಹುಡುಗಿ ಗೆದ್ದಳು. ಯುನಿವರ್ಸಿಟಿಯ ಲ್ಯಾಬಿನಲ್ಲಿ ಒಮ್ಮೆ ಹಾಗೇ ಆಗಿತ್ತು. ಆದರೆ ಒಮ್ಮೆ ಬಂದದ್ದನ್ನು ಪ್ರಬಂಧ ಪರಿಶೀಲಿಸುವವರು ಫಲಿತಾಂಶ ಎನ್ನುವುದಿಲ್ಲ, ಮತ್ತೆ ಮಾಡಿ ತೋರಿಸು ಎನ್ನುತ್ತಾರೆ. ಅಷ್ಟರಲ್ಲಿ ಯಾವುದೋ ಸಮಿತಿ ಬರುವುದಿದೆಯೆಂದು ಲ್ಯಾಬಿಗೆ ಬಣ್ಣ ಹೊಡೆಯಲು ಶುರುಮಾಡಿದರು. ವಿಜ್ಞಾನವನ್ನು ಹೊರಗಿಟ್ಟು ಗೋಡೆಯನ್ನು ಚೆಂದ ಮಾಡುವ ಆ ಮಹತ್ಕಾರ್ಯ ಮುಗಿಯುವ ಲಕ್ಷಣವಿರಲಿಲ್ಲ. ಹುಡುಗಿಗೆ ಅವಳ ಊರಿನ ಕಾಲೇಜೊಂದು ಕೆಲಸ ಕಾದಿಟ್ಟಿತ್ತು, ದೀಪಾವಳಿಯೊಳಗೆ ಪ್ರಬಂಧ ಸಲ್ಲಿಸಿದರೆ ಮಾತ್ರ. ಹೊಸದಾಗಿ ರಸ ಮಾಡಲು ಲ್ಯಾಬೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಇದ್ದದ್ದು ಆ ಒಂದು ಬಾಟಲಿ. "ಇಲ್ಲಿಗೇ ಬಾ, ನಾವೇ ಮಾಡೋಣ" ಎಂದು ನಾನೇ ಕರೆದೆ.

ಹೀಗೆ ಸಿರ್ಸಿಯ ಪೇಟೆಯಲ್ಲಿ ಒಂದು ಹಳೆಯ ಕಟ್ಟಡದ ಮಾಳಿಗೆ ಕೋಣೆಯನ್ನು ಬಾಡಿಗೆಗೆ ನೋಡಿದೆವು. ಹಲಗೆಯ ನೆಲ, ಒಂದೇ ಕಿಟಕಿ, ಒಂದು ಕಬ್ಬಿಣದ ಕಪಾಟು. ಮಾಲೀಕರು ಎರಡು ತಲೆಮಾರಿನಿಂದ ಲಾರಿ, ವ್ಯಾಪಾರ ಎಂದು ಪೇಟೆಯಲ್ಲಿ ಹೆಸರು ಮಾಡಿದ ಸಾಹೇಬರು. ಬೀಗದ ಕೈ ಕೊಡುವ ಮೊದಲು ಕೇಳಿದರು:

"ಮೇಲೆ ಏನ್ ಕೆಲ್ಸ ಅಕ್ಕೋರೇ?" ನಮ್ಮ ಕಡೆ ಪಾಠ ಹೇಳಿದ ಹೆಂಗಸು ಸಾಯುವವರೆಗೂ ಅಕ್ಕೋರು.

"ಪರೀಕ್ಷೆ."

"ಯಾವ್ದರದ್ದು?"

"ಹಣ್ಣು, ಬೀಜ, ಅದರೊಳಗಿನ ಕೆಮಿಕಲ್ಲು," ಎಂದೆ, ಕನ್ನಡಕ ಸರಿಮಾಡಿಕೊಂಡು.

ಸಾಹೇಬರ ಕೈಯಿಂದ ಬೀಗದ ಕೈ ಜಾರಿ ಕೆಳಗೆ ಬಿತ್ತು. ನಾನು ಅದನ್ನು ವಿಜ್ಞಾನಕ್ಕೆ ಸಂದ ಗೌರವವೆಂದು ಸ್ವೀಕರಿಸಿದೆ.

"ಕೆಳಗೆ ಏನಿದೆ?"

"ಕೆಳಗಾ? ಗೋಣಿಚೀಲ. ಹಳೇವು. ಬಿಲ್ಕುಲ್ ಖಾಲಿ ಅಂತ್ಲೇ ಇಟ್ಕೊಳ್ಳಿ."

ಅಂದಿನಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುತ್ತ ಸಾಹೇಬರು ಒಂದು ಚಿಪ್ಪು ಪುಟ್ಟಬಾಳೆಹಣ್ಣು ತಂದು ಮೆಟ್ಟಿಲ ಮೇಲಿಟ್ಟು, "ಮನೆಯೋರು ಕೊಟ್ರು ಅಕ್ಕೋರೇ" ಎಂದು ಹೇಳಿ, ನಾನು ಏನಾದರೂ ಕೇಳುವುದರೊಳಗೆ ಇಳಿದುಹೋಗುತ್ತಿದ್ದರು. ಹಣ್ಣು ಒಂದೂ ಕಲೆಯಿಲ್ಲದೆ, ಬಂಗಾರದ ಬಣ್ಣಕ್ಕೆ ತಿರುಗಿ, ಹದವಾಗಿ ಮಾಗಿರುತ್ತಿತ್ತು. ನಾನು ಮತ್ತು ಹುಡುಗಿ ಕಪಾಟಿಗೆ ಒರಗಿ ನಿಂತು ತಿನ್ನುತ್ತಿದ್ದೆವು. ಇಷ್ಟು ಸಮನಾಗಿ ಹಣ್ಣಾಗುವುದು ಅಪರೂಪ ಎಂದು ನಾನೊಮ್ಮೆ ಪ್ರಶಂಸೆಯನ್ನೂ ಮಾಡಿದ್ದುಂಟು.

ಮೊದಲ ಸಲ ಕಪಾಟು ತೆರೆದಾಗ ಎರಡೂ ಸಾಲು ಗಿಡ್ಡ. ನೀರಿನ ಸಾಲೂ ಗಿಡ್ಡ, ರಸದ ಸಾಲೂ ಗಿಡ್ಡ. ಹುಡುಗಿ ಒಂದು ಮೊಳಕೆಯನ್ನು ಚಿಮಟಿಗೆಯಲ್ಲಿ ಎತ್ತಿ ಹಿಡಿದಳು.

"ಮೇಡಂ, ಇವು ಸೊಟ್ಟ ಬಂದಾವ್ರಿ."

"ಸಿರ್ಸಿ ಮಳೆಗಾಲದಲ್ಲಿ ಬಾಗಿಲೇ ಸೊಟ್ಟ ಆಗ್ತದೆ. ನೇರ ಮಾಡಿ ಅಳತೆ ತಗೋ."

"ದಪ್ಪನೂ ಅದಾವ್ರಿ."

"ಚೆನ್ನಾಗಿ ಉಂಡಿವೆ. ಅಳತೆ ಹೇಳು."

ಅವಳು ಒಂದೊಂದನ್ನೇ ಸ್ಕೇಲಿನ ಮೇಲೆ ನೇರ ಮಾಡಿ ಒತ್ತಿಹಿಡಿದು ಅಳತೆ ಹೇಳಿದಳು, ನಾನು ಬರೆದುಕೊಂಡೆ. ಅಳತೆಗೆ ನಾನು ಕೊಡುವ ಮರ್ಯಾದೆಯ ಅರ್ಧವನ್ನು ಆ ಬಡ ಮೊಳಕೆಗಳಿಗೆ ಕೊಟ್ಟಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಬದಲಿಗೆ ನಾವು ತನಿಖೆ ಆರಂಭಿಸಿದೆವು. ಮೊದಲ ಆರೋಪಿ ನಲ್ಲಿಯ ನೀರು. ಅದರ ಬದಲು ಕಾನಸೂರಿನ ಪರಿಚಯದವರ ಬಾವಿಯಿಂದ ಕ್ಯಾನಿನಲ್ಲಿ ನೀರು ತಂದೆವು. ಎರಡೂ ಸಾಲು ಗಿಡ್ಡ. ಹೆಸರುಕಾಳನ್ನು ಸಂಶಯಿಸಿ ಬೇರೆ ಅಂಗಡಿಯ ಕಾಳು ತಂದೆವು, ಗಿಡ್ಡ. ಲೋಟ ಕುದಿಸಿದೆವು, ಹತ್ತಿ ಬದಲಿಸಿದೆವು. ಕಪಾಟಿನೊಳಗೆ ಏನು ನಡೆಯುತ್ತಿದೆ ಎಂದು ನೋಡುವಂತಿಲ್ಲ, ಬೆಳಕು ಬಿದ್ದರೆ ಕೆಲಸ ಕೆಡುತ್ತದೆ. ಹಾಗಾಗಿ ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದೆ. ಹುಡುಗಿ ಮೆಟ್ಟಿಲು ಇಳಿದು ಚಹ ಕುಡಿದು ಬರುವೆನೆಂದು ಹೋಗಿ ಕುಡಿಯದೆ ವಾಪಸು ಬರುತ್ತಿದ್ದಳು. ಹಲಗೆ ನೆಲ ನಮ್ಮಿಬ್ಬರ ಕಾಲಡಿ ಕಿರ್ರೆನ್ನುತ್ತಿತ್ತು. ಆ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದುಗಳಿದ್ದವು ಎಂಬುದನ್ನು ಇಲ್ಲಿ ಹೇಳಿಡುತ್ತೇನೆ.

ಪ್ರತಿ ಸಲವೂ ಬಾಟಲಿಯ ರಸ ಇಳಿಯುತ್ತಿತ್ತು. ಒಂದು ದಿನ ಹುಡುಗಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು:

"ಕಾಲೇಜಿನವರು ಫೋನ್ ಮಾಡಿದ್ರಿ. ದೀಪಾವಳಿ ಅಂದ್ರ ದೀಪಾವಳಿನ ಅಂತ. ಆಮ್ಯಾಲೆ ಬ್ಯಾರೇದವರನ್ನ ನೋಡ್ಕೋತಾರಂತ."

"ಆಗ್ತದೆ, ತಾಳು."

"ಲ್ಯಾಬಿನಾಗ ಬಂದಿದ್ದ ಸುಳ್ಳ ಇರಬೇಕ್ರಿ. ಇದರಾಗ ಏನೂ ಇಲ್ಲ. ನಾ ಕಾಫಿ ಕಷಾಯ ಮಾಡಿಟ್ಕೊಂಡು ಕುಂತೇನಿ."

ನಾನು ತೊಳೆದಿಟ್ಟ ಲೋಟಗಳನ್ನು ಮತ್ತೊಮ್ಮೆ ತೊಳೆಯಲು ಎತ್ತಿಕೊಂಡೆ. ಅದೇ ಸಂಶಯ ನನಗೂ ಬಂದಾಗಿತ್ತು.

ಚೌತಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬಾಟಲಿಯಿಟ್ಟ ಸಣ್ಣ ಫ್ರಿಜ್ಜಿನ ಚಿಂತೆಯಾಗಿ, ಸಾಹೇಬರನ್ನು ಕೇಳೋಣವೆಂದು ಮೆಟ್ಟಿಲಿಳಿದೆ. ಯಾವಾಗಲೂ ಬೀಗ ಹಾಕಿರುತ್ತಿದ್ದ ಕೆಳಗಿನ ಗೋದಾಮಿನ ಬಾಗಿಲು ಅಂದು ಹಾರುಹೊಡೆದಿತ್ತು. ಹೊರಗೆ ಒಂದು ಟೆಂಪೊ. ಒಳಗೆ, ನೆಲದಿಂದ ಅಟ್ಟದವರೆಗೆ ಬಾಳೆಗೊನೆ. ಹಸಿರು, ಅರೆ ಹಳದಿ, ಪೂರ್ತಿ ಹಳದಿ. ಮೂಲೆಯಲ್ಲೊಂದು ಡ್ರಮ್ಮು, ಅದರಿಂದ ಹೊಟ್ಟಿನ ಹೊಗೆ ಸಣ್ಣಗೆ, ಭಕ್ತಿಯಿಂದ, ನೇರ ಮೇಲಕ್ಕೆ, ನನ್ನ ಲ್ಯಾಬಿನ ಹಲಗೆಯ ಸಂದುಗಳ ಕಡೆಗೆ ಏಳುತ್ತಿತ್ತು. ಆ ವಾಸನೆಯನ್ನು ನಾನು ಇಷ್ಟು ದಿನ ಪೇಟೆಯ ಯಾವುದೋ ಹೋಟೆಲಿನ ಒಲೆಯದೆಂದು ತಿಳಿದಿದ್ದೆ. ಸಾಹೇಬರು ಒಂದು ಗೊನೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದರು. ನನ್ನನ್ನು ಕಂಡವರೇ ಬಿಳುಚಿಕೊಂಡರು.

"ಅಕ್ಕೋರೇ, ಖುದಾನ ಆಣೆ, ಒಂದು ಚಿಟಿಕೆ ಕಾರ್ಬೈಡ್ ಹಾಕಿಲ್ಲ. ಬರೀ ಹೊಗೆ. ನಮ್ಮಜ್ಜನ ಕಾಲ್ದಿಂದ ಹೊಗೇನೇ."

ಕಾಯಿ ಹಣ್ಣು ಮಾಡುವ ಆ ನಿಷೇಧಿತ ಕಾರ್ಬೈಡಿನ ಗೊಡವೆ ನನಗೆ ಬೇಕಿರಲಿಲ್ಲ. "ಯಾವಾಗಿಂದ ಹಣ್ಣಿಗೆ ಹಾಕ್ತಿದ್ದೀರಿ?" ಎಂದೆ. ನನ್ನ ದನಿ ನನಗೇ ಪೊಲೀಸರದ್ದೆನಿಸಿತು.

"ನೀವು ಬರೋಕೂ ಮೊದ್ಲಿಂದ."

"ಎಡೆಬಿಡದೆ?"

"ಶ್ರಾವಣ ಅಲ್ವಾ ಅಕ್ಕೋರೇ. ಶ್ರಾವಣದಲ್ಲಿ ನಿಮ್ಮೋರೇ ಬಿಡ್ತಾರಾ ನಮ್ಮನ್ನ?"

ನಾನು ಅಲ್ಲಿದ್ದ ಒಂದು ಖಾಲಿ ಕ್ರೇಟಿನ ಮೇಲೆ ಕೂತೆ. ಎಷ್ಟೋ ದಿನಗಳ ಮೇಲೆ ಕೂತದ್ದು.

ಬೀಜವನ್ನು ಮಲಗಿಸುವ ಮತ್ತು ಎಬ್ಬಿಸುವ ಹಾರ್ಮೋನುಗಳ ಜೊತೆಗೆ ಇನ್ನೊಂದಿದೆ, ಎಥಿಲೀನ್. ಉಳಿದವು ಗಿಡದ ರಸದಲ್ಲಿ ಹರಿದರೆ ಇದು ಗಾಳಿಯಲ್ಲಿ ತಿರುಗುತ್ತದೆ. ಮಾಗುವ ಬಾಳೆಹಣ್ಣು ಅದನ್ನು ಬಿಡುತ್ತದೆ, ಹೊಗೆಯಲ್ಲೂ ಅದಿದೆ, ಕಾಯನ್ನು ಹಣ್ಣು ಮಾಡುವುದೂ ಅದೇ, ಮಲಗಿದ ಬೀಜವನ್ನು ಎಬ್ಬಿಸಲು ಕೈಜೋಡಿಸುವುದೂ ಅದೇ. ಕತ್ತಲೆಯಲ್ಲಿ ಬೆಳೆಯುವ ಮೊಳಕೆಗೆ ಅದು ತಾಗಿದರೆ ಮೂರು ಲಕ್ಷಣ ಕಾಣುತ್ತವೆ: ಗಿಡ್ಡವಾಗುತ್ತದೆ, ದಪ್ಪವಾಗುತ್ತದೆ, ಸೊಟ್ಟವಾಗುತ್ತದೆ. ಈ ಮೂರನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವಳು, ಬರೆಯದ ಮಕ್ಕಳಿಗೆ ಅಂಕ ಕಡಿದವಳು. ಎಲ್ಲ ಬಿಟ್ಟು ಬಾಳೆಕಾಯಿ ಹಣ್ಣಿಗೆ ಹಾಕುವ ಗೋದಾಮಿನ ನೆತ್ತಿಯ ಮೇಲೆ ಹಾರ್ಮೋನಿನ ಪ್ರಯೋಗಶಾಲೆ ಸ್ಥಾಪಿಸಬೇಕಾದರೆ ಸಾಮಾನ್ಯ ವಿದ್ಯೆ ಸಾಲದು. ಸಾಕ್ಷ್ಯವನ್ನು ಶುಕ್ರವಾರಕ್ಕೊಮ್ಮೆ ತಿಂದು ಸಿಪ್ಪೆ ಎಸೆಯಬೇಕಾದರಂತೂ ಡಾಕ್ಟರೇಟೇ ಬೇಕು.

ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು ತಮ್ಮ ಕಡೆಯದನ್ನು ಹೇಳಿದರು. ಹಣ್ಣಿನ ಕೆಮಿಕಲ್ಲು ಎಂದದ್ದು ಕೇಳಿ ನನ್ನನ್ನು ಫುಡ್ ಇಲಾಖೆಯವಳೆಂದು ತಿಳಿದಿದ್ದರು. ಇಲಾಖೆಯವರೊಬ್ಬರು ಪಕ್ಕದ ಅಂಗಡಿಯ ಮಾಲನ್ನು ಕೇಳದೆ ಕೇಳಿಸದೆ ಚರಂಡಿಗೆ ಸುರಿಸಿದ್ದನ್ನು ಅವರು ನೋಡಿದ್ದರಂತೆ. ಅದಕ್ಕೇ ಬೀಗ, ಅದಕ್ಕೇ ಚಿಪ್ಪು.

"ಹಂಗಾದ್ರೆ ಅಕ್ಕೋರೇ, ಇಷ್ಟು ದಿನ ನಾನೂ ಹಾರ್ಮೋನು ಕೆಲ್ಸಾನೇ ಮಾಡ್ತಿದ್ದೆ ಅನ್ನಿ."

"ಹೌದು. ನಿಮ್ಮದು ಸರಿಯಾಗಿ ನಡೀತಿತ್ತು."

ಹುಡುಗಿ ಮಾತ್ರ ನಗಲಿಲ್ಲ. ಮೇಲೆ ಹೋಗಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇನ್ನೊಂದ ಸಲಕ್ಕ ಆಗತೈತ್ರಿ. ಅದರ ಮುಂದ ಇಲ್ಲ." ಬಾಳೆಹಣ್ಣು ಸಿಕ್ಕಿತೆಂದ ಮಾತ್ರಕ್ಕೆ ಅವಳ ವಾದ ಗೆದ್ದಂತಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನೀರಿನ ಸಾಲು ಯಾಕೆ ಗಿಡ್ಡವಾಯಿತೆಂಬುದಷ್ಟೇ ತಿಳಿದದ್ದು. ರಸದಲ್ಲಿ ನಿಜಕ್ಕೂ ಏನಾದರೂ ಇದೆಯೋ ಇಲ್ಲವೋ, ಇನ್ನೂ ನೋಡಬೇಕಿತ್ತು. ಅದಕ್ಕೊಂದು ಕತ್ತಲೆ ಬೇಕು. ಬಾಳೆಹಣ್ಣಿಲ್ಲದ, ಹೊಗೆಯಿಲ್ಲದ ಒಂದು ಕತ್ತಲೆ.

ಸಾಹೇಬರು ಗೋದಾಮು ಖಾಲಿ ಮಾಡಿಸುತ್ತೇನೆಂದರು. ಆದರೆ ಮಾಗಲು ಶುರುವಾದ ಗೊನೆಗಳನ್ನು ಎಲ್ಲಿಗೆ ಸಾಗಿಸುವುದು? ಅವು ಊರಿನ ಅರ್ಧ ಮನೆಗಳ ಗಣಪತಿಗೆ ಹೋಗಬೇಕಾದವು. ಈ ವಯಸ್ಸಿನಲ್ಲಿ ವಿಘ್ನೇಶ್ವರನನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹೀಗೆ ಚೌತಿಗೆ ಮುಂಚಿನ ದಿನಗಳಲ್ಲಿ, ಸಿರ್ಸಿ ಸಿದ್ದಾಪುರದ ಸೀಮೆಯಲ್ಲಿ ಬಾಳೆಗೊನೆ ಇಲ್ಲದ ಮನೆ ಹುಡುಕುತ್ತ ನಾವಿಬ್ಬರು ಹೊರಟೆವು. ಇದಕ್ಕಿಂತ ಮೂರ್ಖತನದ ಯಾತ್ರೆ ಈ ದಾರಿಗಳಲ್ಲಿ ನಡೆದಿರಲಾರದು. ಎಲ್ಲಕ್ಕಿಂತ ಮೊದಲು ನನ್ನ ಮನೆಯೇ ಅನರ್ಹವಾಯಿತು. ಅಡುಗೆಮನೆ ಬಾಗಿಲ ಹಿಂದೆ ಒಂದು ಗೊನೆ ನೇತಾಡುತ್ತಿತ್ತು, ನಾನೇ ಕಟ್ಟಿದ್ದು. ಸ್ವರ್ಣವಲ್ಲಿ ಕಡೆ ಪರಿಚಯದವರೊಬ್ಬರ ಹಿಂಬದಿ ಕೋಣೆ ಖಾಲಿಯಿದೆಯೆಂದು ಹೋದರೆ, ಗಣಪತಿಯ ಮೇಲೆ ಕಟ್ಟುವ ಹಣ್ಣುಹಂಪಲೆಲ್ಲ ಅಲ್ಲೇ ಹರಡಿತ್ತು. ಕೊನೆಗೆ ಹೆಗ್ಗರಣೆಯಲ್ಲಿ ನಮ್ಮ ಅತ್ತಿಗೆಯ ಮನೆ. ಅಲ್ಲಿ ಗೊನೆ ಎರಡಿತ್ತು. ಅದು ಸಾಲದೆಂದು, ಅಟ್ಟದ ಮೇಲೆ ಉಪ್ಪಾಗೆ ಸಿಪ್ಪೆ ಒಣಗಿಸಲು ಬೆಳಗಿನಿಂದ ಹೊಗೆ ಹಾಕಿದ್ದರು. ಯಾವ ಹಣ್ಣಿಗಾಗಿ ಇಷ್ಟೆಲ್ಲ ಓಡಾಟವೋ ಅದೇ ನಮ್ಮನ್ನು ಹೊರಗೆ ದಬ್ಬಿತು.

"ಎಂತದೇ ಮಾರಾಯ್ತಿ, ಚೌತಿಲಿ ಬಾಳೆಗೊನೆ ಇಲ್ದೇ ಇಪ್ಪ ಮನೆ ಬೇಕಾ ನಿಂಗೆ?" ಎಂದಳು ಅತ್ತಿಗೆ. "ಸೂತಕದ ಮನೆ ಹುಡುಕು, ಅಲ್ಲಿ ಹಬ್ಬ ಇಲ್ಲೆ."

"ಎಲ್ಲಾದ್ರೂ ಇದ್ದಾ?"

"ಥೋ! ಬಾಯಿ ಮುಚ್ಚು. ಆಸರಿಗೆ ಎಂತ ಕುಡಿತೆ ಹೇಳು ಮೊದ್ಲು."

ಹುಡುಗಿಗೆ ಈ ಮಾತು ಅರ್ಧ ಅರ್ಥವಾಗಿ, "ಸೂತಕದ ಮನಿ ಎಲ್ಲೈತಂತ್ರಿ?" ಎಂದು ನನ್ನನ್ನು ಗಂಭೀರವಾಗಿ ಕೇಳಿದಳು. ಅವಳ ಅವಸ್ಥೆ ಅಲ್ಲಿಗೆ ಬಂದಿತ್ತು.

ಹೆಗ್ಗರಣೆಯ ಬಸ್ಸು ಕಾಯುತ್ತ ನಿಂತಾಗ ಸಾಹೇಬರ ಫೋನು ಬಂತು. "ಅಕ್ಕೋರೇ, ನಮ್ಮನೆಯೋರ ತಮ್ಮ ಯಲ್ಲಾಪುರದಲ್ಲಿ ಸ್ಟುಡಿಯೋ ಇಟ್ಕೊಂಡಿದಾನೆ. ಮೊದ್ಲು ಫೋಟೊ ತೊಳೀತಿದ್ದ ಕತ್ಲೆ ಕೋಣೆ ಹಂಗೇ ಇದೆ. ಈಗ ಎಲ್ಲ ಮೊಬೈಲು, ಯಾರೂ ಬಾಗಿಲೇ ತೆಗ್ಯಲ್ಲ. ನಡೀತದಾ ನೋಡಿ."

ಮರುದಿನ ಬೆಳಿಗ್ಗೆ ಯಲ್ಲಾಪುರದ ಬಸ್ಸು ಹತ್ತಿದೆವು. ಬಾಟಲಿ ಐಸಿನ ಫ್ಲಾಸ್ಕಿನಲ್ಲಿ, ಫ್ಲಾಸ್ಕು ಹುಡುಗಿಯ ಎದೆಯ ಮೇಲೆ. ದಾರಿಯಲ್ಲಿ ಒಬ್ಬ ಹೆಂಗಸು ದೊಡ್ಡ ಗೊನೆಯೊಂದಿಗೆ ಹತ್ತಿ ಅವಳ ಪಕ್ಕದಲ್ಲೇ ಕೂತಳು. ಹುಡುಗಿ ತಟ್ಟನೆ ಎದ್ದು ನಿಂತಳು.

"ಕೂತ್ಗ ತಂಗಿ, ಜಾಗ ಇದ್ದು."

"ಬ್ಯಾಡ್ರಿ. ನಿಮ್ಮ ಗೊನಿಗೂ ನನಗೂ ಆಗಿಬರೂದಿಲ್ರಿ."

ಬಿಗಿಯಾಗಿ ಮುಚ್ಚಿದ ಫ್ಲಾಸ್ಕಿನೊಳಗಿನ ರಸಕ್ಕೆ ಏನೂ ಆಗುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಇಬ್ಬರೂ ಯಲ್ಲಾಪುರದವರೆಗೆ ನಿಂತೇ ಹೋದೆವು.

ಸ್ಟುಡಿಯೋದ ಯಜಮಾನರನ್ನು ನಾನು ಬಾಗಿಲಲ್ಲೇ ವಿಚಾರಣೆ ಮಾಡಿದೆ.

"ಬೀಡಿ, ಸಿಗರೇಟು?"

"ಬಿಟ್ಟಿದೀನಿ ಮೇಡಂ."

"ಊದುಬತ್ತಿ?"

"ಮುಂದೆ ಕೌಂಟರಲ್ಲಿ ಹಚ್ತೀನಿ. ಬೇಡ ಅಂದ್ರೆ ಇಲ್ಲ."

"ಬಾಳೆಹಣ್ಣು?"

"ಭಾವ ಕಳಿಸಿದ್ದು ಮನೇಲಿದೆ."

"ಅಲ್ಲೇ ಇರಲಿ. ನಾವು ಹೇಳುವವರೆಗೆ ಅದನ್ನು ತಿಂದು ಕೂಡ ಇಲ್ಲಿಗೆ ಬರಬೇಡಿ."

ಕತ್ತಲೆ ಕೋಣೆಯಲ್ಲಿ ಧೂಳು, ಒಡೆದ ಟ್ರೇಗಳು, ಹಳೆಯ ರಾಸಾಯನಿಕದ ಮಂದ ವಾಸನೆ. ಅದನ್ನು ಒರೆಸಿ ತೊಳೆದು, ಬಾಗಿಲು ತೆರೆದಿಟ್ಟು ಗಾಳಿಯಾಡಿಸಿ, ಹುಡುಗಿ ಲೋಟಗಳನ್ನು ಎರಡು ಸಾಲು ಜೋಡಿಸಿದಳು. ಬಾಟಲಿಯನ್ನು ಕೊನೆಯ ಹನಿಯವರೆಗೆ ಬಗ್ಗಿಸಿದಳು. ಬಾಗಿಲು ಮುಚ್ಚಿದೆವು.

ಆಮೇಲೆ ಮತ್ತೆ ಕಾಯುವುದು. ಹಬ್ಬವನ್ನು ಯಲ್ಲಾಪುರದ ಒಂದು ಹೋಟೆಲಿನ ಊಟದಲ್ಲಿ ಮುಗಿಸಿದೆವು. ಎಲೆಯ ತುದಿಗೆ ಬಡಿಸಿದ ಬಾಳೆಹಣ್ಣನ್ನು ಹುಡುಗಿ ಬೆರಳಿನಿಂದ ದೂರ ಸರಿಸಿದಳು. ಉಳಿದ ಹೊತ್ತೆಲ್ಲ ಬಸ್ ಸ್ಟ್ಯಾಂಡಿನಿಂದ ಸ್ಟುಡಿಯೋಕ್ಕೆ, ಸ್ಟುಡಿಯೋದಿಂದ ಬಸ್ ಸ್ಟ್ಯಾಂಡಿಗೆ. ನಮ್ಮನ್ನು ನೋಡಿ ನೋಡಿ ಒಬ್ಬ ಕಂಡಕ್ಟರು ಯಾವ ಬಸ್ಸು ಬೇಕೆಂದು ಕೇಳುವುದನ್ನೇ ಬಿಟ್ಟ. ಕೌಂಟರಿನ ಮುಂದೆ ಹಾಕಿದ ಎರಡು ಕುರ್ಚಿಗಳಲ್ಲಿ ಪಾಸ್‌ಪೋರ್ಟ್ ಫೋಟೊದವರು ಬಂದು ಕೂತು ಎದ್ದುಹೋಗುತ್ತಿದ್ದರು, ನಾವು ಕೂರಲಿಲ್ಲ. ಒಳಗಿನಿಂದ ಯಜಮಾನರ ದನಿ ಕೇಳುತ್ತಲೇ ಇರುತ್ತಿತ್ತು: "ನೇರ ಕೂತ್ಕೊಳ್ಳಿ. ಕುತ್ತಿಗೆ ಸೊಟ್ಟ ಆಯ್ತು. ಇನ್ನೂ ಸ್ವಲ್ಪ ನೇರ."

ಪ್ರತಿ ಸಲ ಆ ಮಾತು ಬಂದಾಗ ಹುಡುಗಿ ಕತ್ತಲೆ ಕೋಣೆಯ ಬಾಗಿಲ ಕಡೆ ನೋಡುತ್ತಿದ್ದಳು.

ಒಮ್ಮೆ ಕೇಳಿದಳು: "ರಸದಾಗ ಏನೂ ಇಲ್ಲ ಅಂದ್ರ ಏನ್ ಮಾಡೂದ್ರಿ ಮೇಡಂ?"

"ಏನೂ ಇಲ್ಲ ಅಂತ ಬರೆಯೋದು."

"ಅದನ್ನ ಬರದರ ಕೆಲಸ ಕೊಡ್ತಾರೇನ್ರಿ?"

"ಇಲ್ಲ."

ಸಮಾಧಾನದ ಮಾತು ಹೇಳುವ ಕಲೆ ನನಗೆ ಒಲಿದಿಲ್ಲ. ಅವಳು ಮತ್ತೊಂದು ಸುತ್ತು ಬಸ್ ಸ್ಟ್ಯಾಂಡಿಗೆ ಹೋಗಿಬಂದಳು.

ತೆರೆಯುವ ದಿನ ಬಾಗಿಲ ಹಿಡಿಕೆಯನ್ನು ಅವಳು ಮುಟ್ಟಲಿಲ್ಲ. "ನೀವ ತಗೀರಿ" ಎಂದಳು. ನಾನು ತೆಗೆದೆ. ಯಜಮಾನರು ಹಿಂದಿನಿಂದ ದೀಪ ಹಾಕಿದರು.

ನೀರಿನ ಸಾಲಿನಲ್ಲಿ ಮೊಳಕೆಗಳು ಬಿಳಿಯಾಗಿ, ಸಪೂರವಾಗಿ, ಲೋಟದ ಅಂಚು ದಾಟಿ ನೇರ ಎದ್ದು ನಿಂತಿದ್ದವು. ರಸದ ಸಾಲಿನಲ್ಲಿ ಕೆಲವು ಕಾಳು ಸಿಪ್ಪೆ ಬಿರಿದು ಅಷ್ಟಕ್ಕೇ ಸುಮ್ಮನಾಗಿದ್ದವು. ಉಳಿದವು ಉಪ್ಪಾಗೆಯ ಬೀಜದ ಹಾಗೆಯೇ, ಲೋಕದ ಪರಿವೆಯಿಲ್ಲದೆ ಮಲಗಿದ್ದವು.

ಹುಡುಗಿ ಸ್ಕೇಲು ತೆಗೆದಳು. "ನೇರ ಮಾಡಿ ಅಳೀಲೇನ್ರಿ ಮೇಡಂ?" ಎಂದಳು. ಮುಖದಲ್ಲಿ ನಗುವಿರಲಿಲ್ಲ, ಆದರೆ ಅದು ಕುಟುಕು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

"ಬೇಡ. ಇದ್ದ ಹಾಗೇ ಅಳೆ."

ಅಳತೆ ಮುಗಿಸಿ ಅವಳು ರಸ್ತೆಗೆ ಹೋಗಿ ಕಾಲೇಜಿಗೆ ಫೋನು ಹಚ್ಚಿದಳು. ಬಸ್ಸಿನ ಹಾರನ್ನಿನ ನಡುವೆ ಅವಳ ದನಿ ಒಳಗಿನವರೆಗೂ ಕೇಳಿತು: "ಹೌದ್ರಿ ಸರ್. ದೀಪಾವಳಿ ಅಂದ್ರ ದೀಪಾವಳಿ." ಆಮೇಲೆ ಮನೆಗೆ ಮಾಡಿದಳು, ಅದು ಮಾತಿಗಿಂತ ಹೆಚ್ಚಾಗಿ ಮೂಗು ಒರೆಸಿಕೊಂಡ ಸದ್ದೇ ಆಗಿತ್ತು.

ಯಜಮಾನರು ಮನೆಗೆ ಹೋಗಿ ಭಾವ ಕಳಿಸಿದ ಹಣ್ಣು ತಂದರು. ಹೊಸ್ತಿಲಾಚೆ ನಿಂತು, "ಈಗ ಒಳಗೆ ತರಬಹುದಾ ಮೇಡಂ?" ಎಂದು ಕೇಳಿದರು. ಹುಡುಗಿಯೇ ಹೋಗಿ ಅವರ ಕೈಯಿಂದ ಚಿಪ್ಪು ಇಸಿದುಕೊಂಡು ಪಾಸ್‌ಪೋರ್ಟ್ ಫೋಟೊದ ಕುರ್ಚಿಯಲ್ಲಿ ಕೂತಳು. ಒಂದಾದ ಮೇಲೊಂದು ಸುಲಿದು ತಿಂದಳು, ಯಾರಿಗೂ ಕೊಡದೆ.

"ನೀವೂ ಕುಂಡ್ರಿ ಮೇಡಂ," ಎಂದಳು ತುಂಬಿದ ಬಾಯಲ್ಲಿ, ಪಕ್ಕದ ಕುರ್ಚಿ ತೋರಿಸಿ.

ಕೂರಬಹುದಿತ್ತು. ಆದರೆ ಕೊನೆಯ ಅಧ್ಯಾಯ ಇನ್ನೂ ಬರೆಯಬೇಕಿತ್ತು, ಅವಳ ಇಂಗ್ಲಿಷಿನ ಕಾಮಾಗಳನ್ನು ನೆನೆದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಸಿರ್ಸಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬರಲು ನಾನು ಮತ್ತೊಮ್ಮೆ ಬಸ್ ಸ್ಟ್ಯಾಂಡಿನ ಕಡೆ ಹೊರಟೆ.